ಕೆಂಪು ತಂತಿಯ ಜಾಡು ಹಿಡಿದು

ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಮಲಗುವ, ಅಡುಗೆ ಮಾಡುವ ಏರ್ಪಾಡು ಜೋಡಿಸಿಕೊಡಲು ಶುರುಮಾಡಿದ್ದು 1951ರಲ್ಲಿ. 1979ರಲ್ಲಿ ಬಂದ ಮೂರನೇ ತಲೆಮಾರಿನ ‘ಟಿ3’ ವ್ಯಾನು ಇಂದಿಗೂ ಬೇಸಿಗೆ ಬಂತೆಂದರೆ ಮನೆಮಂದಿಯನ್ನು ಕೂರಿಸಿಕೊಂಡು ಯುರೋಪಿನ ರಸ್ತೆಗಿಳಿಯುತ್ತದೆ. ಇಂಥ ಹಳೆಯ ಗಾಡಿಗಳಿಗೆ ಅಂಟಿಕೊಳ್ಳುವ ಕಾಯಿಲೆಯೊಂದಿದೆ: ನಿಂತಲ್ಲೇ ಬ್ಯಾಟರಿ ಇಳಿಯುವುದು. ಚಾರ್ಜ್ ಮಾಡಿ ನಿಲ್ಲಿಸಿದ ಗಾಡಿ ವಾರ ಕಳೆದರೆ ಸ್ಟಾರ್ಟ್ ಆಗುವುದಿಲ್ಲ. ಹೊಸ ಬ್ಯಾಟರಿ ಹಾಕಿದರೂ ಅದೇ ಪಾಡು. ಬ್ಯಾಟರಿ ಬದಲಿಸುವುದು ಯಾರಾದರೂ ಮಾಡಬಹುದಾದ ಕೆಲಸ. ಕರೆಂಟ್ ಎಲ್ಲಿ ಸೋರುತ್ತಿದೆ ಎಂದು ಪತ್ತೆಹಚ್ಚುವುದು ಆಟೋ ಎಲೆಕ್ಟ್ರಿಷಿಯನ್ನರ ಕಸುಬುಗಾರಿಕೆ.

ಮೊದಲು ಲೆಕ್ಕ

ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಕೆಲವು ಗಂಟೆ ಸುಮ್ಮನಿದ್ದ ಮೇಲೆ ಸುಮಾರು 12.6 ವೋಲ್ಟ್ ತೋರಿಸಬೇಕು. 12.2ಕ್ಕೆ ಬಂದಿದ್ದರೆ ಅರ್ಧ ಖಾಲಿ. ತಂತಿ ಬಿಚ್ಚಿಟ್ಟರೂ ಬ್ಯಾಟರಿ ಬೇಗ ಇಳಿದರೆ ದೋಷ ಅದರದ್ದೇ. ಇಳಿಯದಿದ್ದರೆ ಗಾಡಿಯಲ್ಲಿ ಹುಡುಕಬೇಕು.

ಗಡಿಯಾರಕ್ಕೆ, ರೇಡಿಯೋದ ಮೆಮೊರಿಗೆ 20–30 ಮಿಲಿಆಂಪಿಯರ್ ಹೋಗುವುದು ಸಹಜ. ಆದರೆ ಕಪಾಟಿನೊಳಗೆ 5 ವ್ಯಾಟಿನ ಬಲ್ಬೊಂದು ಆರದೆ ಉಳಿದಿದ್ದರೆ ಸುಮಾರು 0.4 ಆಂಪಿಯರ್, ಅಂದರೆ ದಿನಕ್ಕೆ 10 ಆಂಪಿಯರ್-ಅವರ್ ಹೋಯಿತು. 60 ಆಂಪಿಯರ್-ಅವರ್ ಬ್ಯಾಟರಿ ಆರು ದಿನದಲ್ಲಿ ಬರಿದು. ಎಂಜಿನ್ ತಿರುಗಿಸುವ ತ್ರಾಣ ಅದಕ್ಕೂ ಮೊದಲೇ ಹೋಗಿರುತ್ತದೆ.

ಪರೀಕ್ಷೆಗೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಆ ತಂತಿಗೂ ಟರ್ಮಿನಲ್ಲಿಗೂ ನಡುವೆ 10 ಆಂಪಿಯರಿಗೆ ಇಟ್ಟ ಮಲ್ಟಿಮೀಟರ್ ಸೇರಿಸುತ್ತಾರೆ. ಆಗ ಗಾಡಿ ಎಳೆಯುವ ಕರೆಂಟೆಲ್ಲ ಮೀಟರಿನ ಮೂಲಕವೇ ಹೋಗಬೇಕು. ಈ ಹೊತ್ತಿನಲ್ಲಿ ಸ್ಟಾರ್ಟ್ ಮಾಡಲು ಹೋದರೆ ಮೀಟರಿನ ಫ್ಯೂಸ್ ಸುಟ್ಟುಹೋಗುತ್ತದೆ. ನಮ್ಮೂರ ಗ್ಯಾರೇಜುಗಳಲ್ಲಿ ಅದೇ ಜಾಗಕ್ಕೆ ಟೆಸ್ಟ್ ಲ್ಯಾಂಪ್ ಹಿಡಿಯುವುದುಂಟು. ದೊಡ್ಡ ಸೋರಿಕೆಗೆ ಬಲ್ಬ್ ಬೆಳಗುತ್ತದೆ. ಸಣ್ಣದನ್ನು ಹಿಡಿಯಲು ಮೀಟರೇ ಬೇಕು.

ಆಮೇಲೆ ಒಂದೊಂದೇ ಫ್ಯೂಸ್ ಕಿತ್ತು ಮೀಟರ್ ನೋಡುವುದು. ಯಾವ ಫ್ಯೂಸ್ ತೆಗೆದಾಗ ಅಂಕಿ ದಡಕ್ಕನೆ ಇಳಿಯಿತೋ ಸೋರಿಕೆ ಆ ದಾರಿಯಲ್ಲಿದೆ. ಟಿ3ಯ ಮೊದಮೊದಲ ಮಾದರಿಗಳಲ್ಲಿರುವುದು ಎರಡೂ ತುದಿ ಚೂಪಾದ, ಮೈಮೇಲೆ ಲೋಹದ ಪಟ್ಟಿಯಿರುವ ಫ್ಯೂಸುಗಳು. ಬಿಳಿಯದು 8 ಆಂಪಿಯರ್, ಕೆಂಪು 16. ತುದಿಗೆ ಕಿಲುಬು ಹಿಡಿದಿದ್ದರೆ ಕಿತ್ತಾಗಲೇ ಉಜ್ಜಿ ಹಾಕುವುದು ಒಳ್ಳೆಯದು.

ಮೂವತ್ತು, ಹದಿನೈದು, ಮೂವತ್ತೊಂದು

ಜರ್ಮನ್ ಗಾಡಿಗಳ ವೈರಿಂಗಿನಲ್ಲಿ ಟರ್ಮಿನಲ್ಲುಗಳಿಗೆ ಗೊತ್ತಾದ ನಂಬರುಗಳಿವೆ. 30 ಎಂದರೆ ಬ್ಯಾಟರಿಯಿಂದ ನೇರ ಬರುವ, ಸದಾ ಜೀವಂತವಾಗಿರುವ ದಾರಿ. ತಂತಿ ಸಾಮಾನ್ಯವಾಗಿ ಕೆಂಪು. 15 ಎಂದರೆ ಕೀ ತಿರುಗಿಸಿದ ಮೇಲಷ್ಟೇ ಕರೆಂಟ್ ಬರುವ ಕಪ್ಪು ತಂತಿ. 31 ಕಂದು ಬಣ್ಣದ ಅರ್ತ್. ಕೀ ತೆಗೆದ ಮೇಲೂ ಕರೆಂಟ್ ಹೋಗುತ್ತಿದ್ದರೆ ಅದರ ಮೂಲ 30ರಲ್ಲೇ ಇರಬೇಕು. ಈ ಒಂದು ತಿಳಿವಳಿಕೆಯಿಂದ ಹುಡುಕುವ ಜಾಗ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಎಲ್ಲ ಫ್ಯೂಸ್ ತೆಗೆದರೂ ಅಂಕಿ ಇಳಿಯದಿದ್ದರೆ ಫ್ಯೂಸಿಲ್ಲದ ದಪ್ಪ ತಂತಿಗಳ ಕಡೆ ತಿರುಗಬೇಕು. ಅಲ್ಲಿ ಮೊದಲ ಅನುಮಾನ ಆಲ್ಟರ್ನೇಟರಿನ ಮೇಲೆ. ಅದರೊಳಗಿನ ಡಯೋಡ್ ಕೆಟ್ಟರೆ ಕರೆಂಟ್ ಹಿಂದಕ್ಕೆ ಹರಿಯುತ್ತದೆ. ನುರಿತವರು ರಾತ್ರಿಯೆಲ್ಲ ನಿಂತ ಗಾಡಿಯ ಆಲ್ಟರ್ನೇಟರ್ ಮುಟ್ಟಿ ನೋಡುತ್ತಾರೆ: ಎಂಜಿನ್ ತಣ್ಣಗಿದ್ದು ಅದೊಂದೇ ಬೆಚ್ಚಗಿದ್ದರೆ ದೋಷ ಅಲ್ಲೇ.

ಎರಡು ಬ್ಯಾಟರಿಯ ಸಂಸಾರ

ಕ್ಯಾಂಪರಿನಲ್ಲಿ ಸಾಮಾನ್ಯವಾಗಿ ಎಂಜಿನ್ನಿಗೊಂದು, ದೀಪ, ನೀರಿನ ಪಂಪಿಗೊಂದು ಎಂದು ಎರಡು ಬ್ಯಾಟರಿ. ಎಂಜಿನ್ ಓಡುವಾಗ ರಿಲೇ ಎರಡನ್ನೂ ಕೂಡಿಸುತ್ತದೆ, ನಿಂತಾಗ ಬೇರ್ಪಡಿಸುತ್ತದೆ. ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಂಡರೆ ಬೇರ್ಪಡುವುದೇ ಇಲ್ಲ. ಗ್ಯಾಸಿನಲ್ಲೂ ಕರೆಂಟಿನಲ್ಲೂ ನಡೆಯುವ ಹಳೆಯ ಫ್ರಿಜ್ 12 ವೋಲ್ಟಿನಲ್ಲಿ ಸುಮಾರು 8 ಆಂಪಿಯರ್ ಎಳೆಯುತ್ತದೆ. ಗಾಡಿ ಓಡುವಾಗ ಮಾತ್ರ ಬಳಸಬೇಕಾದ ವ್ಯವಸ್ಥೆ ಅದು. ರಿಲೇ ಅಂಟಿದ ಗಾಡಿಯಲ್ಲಿ ಅದನ್ನು ಮರೆತು ಮಲಗಿದರೆ ಬೆಳಗಿನ ಹೊತ್ತಿಗೆ ಎರಡೂ ಬ್ಯಾಟರಿ ಸೊರಗಿರುತ್ತವೆ. ಎಂಜಿನ್ ನಿಲ್ಲಿಸಿ ಎರಡರ ವೋಲ್ಟೇಜನ್ನೂ ಅಳೆದು, ಒಂದರ ಮೇಲೆ ದೀಪ ಹೊತ್ತಿಸಿದಾಗ ಇನ್ನೊಂದೂ ಜೊತೆಗೇ ಇಳಿಯುತ್ತದೆಯೇ ನೋಡಿದರೆ ರಿಲೇಯ ಸ್ಥಿತಿ ಗೊತ್ತಾಗುತ್ತದೆ.

ಹಳೆಯ ಗಾಡಿ ಹಲವರ ಕೈ ದಾಟಿ ಬಂದಿರುತ್ತದೆ. ಒಬ್ಬರು ಅಲಾರ್ಮ್ ಹಾಕಿಸಿರುತ್ತಾರೆ, ಇನ್ನೊಬ್ಬರು ಇನ್ವರ್ಟರ್. ಯಾರೋ ರೇಡಿಯೋದ ತಂತಿಯನ್ನು 15ರ ಬದಲು 30ಕ್ಕೆ ಕೊಟ್ಟಿರುತ್ತಾರೆ. ಕಂಪನಿಯ ನಕ್ಷೆಯಲ್ಲಿ ಇವು ಯಾವುವೂ ಇಲ್ಲ. ಆದ್ದರಿಂದ ಸೋರಿಕೆ ನಿಂತ ಮೇಲೂ ಒಂದು ಕೆಲಸ ಬಾಕಿಯಿರುತ್ತದೆ: ಹೊಸ ತಂತಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿ, ಎರಡೂ ತುದಿಗೆ ಚೀಟಿ ಅಂಟಿಸಿ, ಮಾಡಿದ್ದನ್ನು ಬರೆದು ಗಾಡಿಯಲ್ಲೇ ಇಡುವುದು. ಮುಂದೆ ಈ ಗಾಡಿಯನ್ನು ರಿಪೇರಿ ಮಾಡುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.