ಕ್ರೆಡಿಟ್: ಪದ ಒಂದು, ಪುಸ್ತಕ ಹಲವು

ರಟ್ಟೀಹಳ್ಳಿಯ ಪೇಟೆಯಲ್ಲಿ ‘ಕ್ರೆಡಿಟ್’ ಎಂಬ ಇಂಗ್ಲಿಷ್ ಪದವನ್ನು ಬಳಸದ ವರ್ತಕರು ವಿರಳ. ಗೊಬ್ಬರದ ಅಂಗಡಿಯಲ್ಲಿ ಅದಕ್ಕೆ ಉದ್ರಿ ಎಂದರ್ಥ. ಬ್ಯಾಂಕಿನಲ್ಲಿ ‘ಕ್ರೆಡಿಟ್ ಆಗಿದೆ’ ಎಂದರೆ ಹಣ ಜಮಾ ಆಗಿದೆ ಎಂದು. ತೆರಿಗೆ ಸಲಹೆಗಾರರ ಬಾಯಲ್ಲಿ ಅದೇ ಪದ, ಖರೀದಿಯ ಮೇಲೆ ತೆತ್ತ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುವ ಹಕ್ಕು. ಜಾತ್ರೆ ಚೆನ್ನಾಗಿ ನಡೆದರೆ ಅದರ ಕ್ರೆಡಿಟ್ ಯಾರಿಗೆಂಬ ವಾದವೂ ಉಂಟು. ಅದು ಯಾವ ಖಾತೆಗೂ ಸೇರದು.

ಪದದ ಮೂಲ ಲ್ಯಾಟಿನ್ ಭಾಷೆಯದು, ಅರ್ಥ, ನಂಬುವುದು. ಕನ್ನಡದಲ್ಲಿ ಇದಕ್ಕೆ ಸಮನಾದ ‘ಪತ್ತು’ ಎಂಬ ಸೊಗಸಾದ ಶಬ್ದವಿದೆ. ಅದೀಗ ಪತ್ತಿನ ಸಹಕಾರಿ ಸಂಘಗಳ ನಾಮಫಲಕದಲ್ಲಿ ಮಾತ್ರ ಉಳಿದಂತಿರುವುದು ವಿಷಾದದ ಸಂಗತಿ. 1904ರ ಸಹಕಾರಿ ಕಾಯ್ದೆಯ ಹೆಸರಿನಲ್ಲಿಯೇ ಕ್ರೆಡಿಟ್ ಇತ್ತು. ಆ ಕಾಯ್ದೆಯಡಿ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಕಣಗಿನಹಾಳದ ಸಂಘ ಸ್ಥಾಪನೆಯಾಯಿತು. ಇಂದು ಗದಗ ಜಿಲ್ಲೆಯಲ್ಲಿರುವ ಆ ಊರೂ ಹಾವೇರಿ ಜಿಲ್ಲೆಯ ರಟ್ಟೀಹಳ್ಳಿಯೂ 1997ರವರೆಗೆ ಒಂದೇ ಧಾರವಾಡ ಜಿಲ್ಲೆಗೆ ಸೇರಿದ್ದವು. ಗ್ರಾಮೀಣ ಸಂಘಗಳಿಗೆ ಆ ಕಾಯ್ದೆ ವಿಧಿಸಿದ್ದು ಅಪರಿಮಿತ ಹೊಣೆ. ಸಂಘದ ಸಾಲಕ್ಕೆ ಪ್ರತಿಯೊಬ್ಬ ಸದಸ್ಯನೂ ತನ್ನ ಆಸ್ತಿಯ ಮಟ್ಟಿಗೂ ಬಾಧ್ಯನಾಗಿದ್ದನು. ಅಂದಿನ ಕ್ರೆಡಿಟ್ ಎಂದರೆ ನೆರೆಯವನ ಮೇಲಿಟ್ಟ ನಂಬಿಕೆಯೇ.

ಲೆಕ್ಕದ ಪುಸ್ತಕಕ್ಕೆ ಬಂದರೆ ಗೊಂದಲ ಹೆಚ್ಚು. ವರ್ತಕನು ಬ್ಯಾಂಕಿಗೆ ಕಟ್ಟಿದ ಹಣ ಪಾಸ್‌ಬುಕ್ಕಿನಲ್ಲಿ ಕ್ರೆಡಿಟ್. ಅವನದೇ ಪುಸ್ತಕದ ಬ್ಯಾಂಕ್ ಖಾತೆಯಲ್ಲಿ ಡೆಬಿಟ್. ಪಾಸ್‌ಬುಕ್ಕು ಬ್ಯಾಂಕಿನ ಲೆಕ್ಕದ ಪ್ರತಿಯಾಗಿದ್ದು, ಆ ಹಣ ಬ್ಯಾಂಕಿನ ಪಾಲಿಗೆ ಸಾಲ. ಕ್ಯಾಶ್ ಕ್ರೆಡಿಟ್ ಖಾತೆಯಿಂದ ತೆಗೆದ ಹಣ ಇದಕ್ಕೆ ವಿರುದ್ಧ: ಹೆಸರಿನಲ್ಲಿ ಕ್ರೆಡಿಟ್ ಇದ್ದರೂ ಬ್ಯಾಂಕು ಅದನ್ನು ಡೆಬಿಟ್ ಬರೆಯುತ್ತದೆ. ಸರಕು ಹಿಂತಿರುಗಿಸಿದಾಗ ಸಗಟು ವ್ಯಾಪಾರಿ ಕಳುಹಿಸುವ ಕ್ರೆಡಿಟ್ ನೋಟು ಬಹಳ ಜನರನ್ನು ಮೋಸಗೊಳಿಸುವ ಕಾಗದ. ಅದನ್ನು ಕಂಡು ಹಿಗ್ಗುವವರು ಆ ಮೊತ್ತದ ಮೇಲೆ ತಾವು ಪಡೆದಿದ್ದ ತೆರಿಗೆ ಕ್ರೆಡಿಟ್ಟನ್ನು ಅಷ್ಟರಮಟ್ಟಿಗೆ ಇಳಿಸಬೇಕೆಂಬುದನ್ನು ಮರೆಯುತ್ತಾರೆ. ಪದ ಕಿವಿಗೆ ಬಿದ್ದಾಗ ‘ಯಾರ ಪುಸ್ತಕದಲ್ಲಿ?’ ಎಂದು ಕೇಳಿಕೊಂಡರೆ ಅರ್ಧ ತೊಡಕು ಬಿಡಿಸಿದಂತೆ.

ಉಳಿದರ್ಧ ಜಿ.ಎಸ್.ಟಿ.ಯದು. ಇಲ್ಲಿ ಒಂದು ಕ್ರೆಡಿಟ್ ಇನ್ನೊಂದನ್ನು ನುಂಗಬಲ್ಲದು. ರಟ್ಟೀಹಳ್ಳಿಯ ಅಂಗಡಿಕಾರನೊಬ್ಬನು ಜೂನ್ 10ರ ಬಿಲ್ಲಿನ ಮೇಲೆ 1 ಲಕ್ಷ ರೂಪಾಯಿಯ ಕಳೆನಾಶಕವನ್ನು ಸಗಟು ವ್ಯಾಪಾರಿಯಿಂದ ಉದ್ರಿ ತಂದನೆಂದು ಇಟ್ಟುಕೊಳ್ಳೋಣ. ಶೇಕಡಾ 18ರಂತೆ ತೆರಿಗೆ 18,000 ರೂಪಾಯಿ. ಅಷ್ಟನ್ನು ಅವನು ಕ್ರೆಡಿಟ್ ಪಡೆದು ಬಳಸಿಕೊಂಡನು. ಸರಕು ಗೋವಿನಜೋಳದ ರೈತರಿಗೆ ಉದ್ರಿ ಹೋಯಿತು. ಬೆಳೆ ಕೊಯ್ದು, ಒಣಗಿಸಿ, ಮಾರಿದ ಮೇಲೆ ವಸೂಲಿ. ಮಳೆ ಕೈಕೊಟ್ಟರೆ ಅಥವಾ ದರ ಏರುತ್ತದೆಂದು ರೈತ ಕಾದರೆ ಡಿಸೆಂಬರ್ ಬಂದೇಬಿಡುತ್ತದೆ. ಸಗಟು ವ್ಯಾಪಾರಿಗೆ ಬಿಲ್ಲಿನ ದಿನಾಂಕದಿಂದ 180 ದಿನಗಳೊಳಗೆ, ಅಂದರೆ ಡಿಸೆಂಬರ್ 7ರೊಳಗೆ, ತೆರಿಗೆ ಸಹಿತ ಹಣ ಸಂದಾಯವಾಗದಿದ್ದರೆ ಆ 18,000 ರೂಪಾಯಿಯನ್ನು ಬಡ್ಡಿಯೊಡನೆ ಸರಕಾರಕ್ಕೆ ಮರಳಿಸಬೇಕು. ಭಾಗಶಃ ಕೊಟ್ಟಿದ್ದರೆ ಬಾಕಿಯ ಪ್ರಮಾಣಕ್ಕೆ ತಕ್ಕಂತೆ. ಸಗಟು ವ್ಯಾಪಾರಿ ಹಳೆಯ ಸ್ನೇಹದಿಂದ ಯುಗಾದಿಯವರೆಗೆ ಕಾಯಲು ಒಪ್ಪಿದರೂ ಕಾನೂನು ಕಾಯುವುದಿಲ್ಲ. (ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಈ ಚಿಂತೆಯಿಲ್ಲ, ಅವರಿಗೆ ಕ್ರೆಡಿಟ್ಟೇ ಇಲ್ಲ.)

ಹಣ ಕೊಟ್ಟವನೂ ನಿಶ್ಚಿಂತನಲ್ಲ. 2022ರ ಜನವರಿ 1ರಿಂದ, ಮಾರಿದವನು ತನ್ನ ವಿವರಪಟ್ಟಿಯಲ್ಲಿ ಆ ಬಿಲ್ಲನ್ನು ಸಲ್ಲಿಸಿ, ಅದು ಕೊಂಡವನಿಗೆ ತಿಳಿಸಲ್ಪಟ್ಟಿದ್ದರೆ ಮಾತ್ರ ಕ್ರೆಡಿಟ್ ದೊರೆಯುತ್ತದೆ. ಮಾರಿದವನು ತೆರಿಗೆ ಕಟ್ಟಿರಬೇಕೆಂಬ ಷರತ್ತಂತೂ ಮೊದಲಿನಿಂದಲೂ ಇದೆ. ಕಣಗಿನಹಾಳದ ಸದಸ್ಯನಿಗೆ ತಾನು ಯಾರ ಹೊಣೆ ಹೊತ್ತಿದ್ದೇನೆಂಬುದು ಮುಖಪರಿಚಯದಿಂದ ತಿಳಿದಿತ್ತು. ಇಂದಿನ ಅಂಗಡಿಕಾರ ಪ್ರತಿ ತಿಂಗಳು 2ಬಿ ಪಟ್ಟಿಯನ್ನು ತನ್ನ ಖರೀದಿ ಪುಸ್ತಕದೊಡನೆ ತಾಳೆ ನೋಡಿ ತಿಳಿಯಬೇಕು.

180 ದಿನ ಮೀರಿ ಮರಳಿಸಿದ ಕ್ರೆಡಿಟ್ಟನ್ನು, ಸಗಟು ವ್ಯಾಪಾರಿಗೆ ಹಣ ಸಂದ ಮೇಲೆ ಪುನಃ ಪಡೆಯಬಹುದು. ತೆತ್ತ ಬಡ್ಡಿ ಮಾತ್ರ ಬಾರದು. ಅದನ್ನು ರೈತನ ಉದ್ರಿ ಖಾತೆಗೆ ಹಚ್ಚುವ ಧೈರ್ಯ ರಟ್ಟೀಹಳ್ಳಿಯ ಪೇಟೆಯಲ್ಲಿ ಎಷ್ಟು ಜನರಿಗಿದ್ದೀತು?