ವೈರುಗಳ ಪೆಟ್ಟಿಗೆ ತಾನೇ ಸಂಗೀತ ಕಟ್ಟುತ್ತದೆಯೇ? ಮಾಡ್ಯುಲರ್ ಸಿಂಥಸೈಜರ್‌ನ ಅಸಲಿಯತ್ತು

ಕಪಾಟಿನಷ್ಟು ದೊಡ್ಡ ಪೆಟ್ಟಿಗೆ, ಅದರ ತುಂಬ ಬಣ್ಣಬಣ್ಣದ ವೈರುಗಳು, ಮಿನುಗುವ ಪುಟ್ಟ ದೀಪಗಳು. ಎದುರಿಗಿದ್ದವರು ಒಂದು ಬಟನ್ ಒತ್ತಿ ಸುಮ್ಮನೆ ಕೂರುತ್ತಾರೆ. ಸ್ವರಗಳು ಒಂದರ ಹಿಂದೊಂದು ಉದುರುತ್ತಲೇ ಇರುತ್ತವೆ. ಇಂಥ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ನೋಡಿದ ತಕ್ಷಣ ಅನ್ನಿಸುವುದು ಒಂದೇ: "ಎಲ್ಲಾ ಮಷೀನೇ ಮಾಡುತ್ತಿದೆ, ಮನುಷ್ಯನ ಕೆಲಸ ಏನೂ ಇಲ್ಲ." ಇದು ನಿಜವೇ?

ಮೊದಲು, ಆರ್ಪೆಜಿಯೋ ಎಂದರೇನು?

ಹಾರ್ಮೋನಿಯಂನಲ್ಲಿ ಸ, ಗ, ಪ ಮೂರನ್ನೂ ಒಟ್ಟಿಗೆ ಒತ್ತಿದರೆ ಅದು ಕಾರ್ಡ್. ಅವೇ ಸ್ವರಗಳನ್ನು ಒಂದಾದ ಮೇಲೊಂದು ನುಡಿಸಿದರೆ ಆರ್ಪೆಜಿಯೋ. ಕರ್ನಾಟಕ ಸಂಗೀತದ ಪಾಠದಲ್ಲಿ ದಾಟು ವರಸೆ ಹಾಡಿದವರಿಗೆ ಸ್ವರ ಬಿಟ್ಟು ಸ್ವರಕ್ಕೆ ಹಾರುವುದು ಹೊಸದೇನಲ್ಲ.

ಪೆಟ್ಟಿಗೆಯೊಳಗೆ ಏನಾಗುತ್ತದೆ?

ಮಾಡ್ಯುಲರ್ ಸಿಂಥಸೈಜರ್ ಎಂದರೆ ಬಿಡಿ ಭಾಗಗಳ ಗುಂಪು. ಒಂದೊಂದು ಭಾಗಕ್ಕೂ ಒಂದೊಂದು ಕೆಲಸ. ಯಾವುದಕ್ಕೆ ಯಾವುದು ಎಂದು ವೈರಿನಿಂದ ಜೋಡಿಸಬೇಕಾದವರು ನುಡಿಸುವವರೇ. ಆರ್ಪೆಜಿಯೋಗೆ ಮುಖ್ಯವಾಗಿ ಬೇಕಾದವು ನಾಲ್ಕು:

• ಕ್ಲಾಕ್: ತಾಳ ಹಾಕುವ ಭಾಗ. ನಿಮಿಷಕ್ಕೆ 120 ಪೆಟ್ಟು, ಪೆಟ್ಟಿಗೆ 4 ಸ್ವರ ಎಂದು ಇಟ್ಟರೆ ಸೆಕೆಂಡಿಗೆ 8 ಸ್ವರ.
• ಸೀಕ್ವೆನ್ಸರ್: ಸಾಲಾಗಿ ನಾಬ್‌ಗಳು. ಕ್ಲಾಕ್ ಬಡಿದಾಗಲೆಲ್ಲ ಮುಂದಿನ ನಾಬ್‌ಗೆ ಹೋಗಿ, ಅಲ್ಲಿ ಇಟ್ಟಿರುವಷ್ಟು ವೋಲ್ಟೇಜ್ ಕಳಿಸುತ್ತದೆ.
• ಆಸಿಲೇಟರ್: ಬಂದ ವೋಲ್ಟೇಜ್‌ಗೆ ತಕ್ಕ ಸ್ವರ ಹೊರಡಿಸುತ್ತದೆ.
• ಎನ್ವಲಪ್: ಪ್ರತಿ ಸ್ವರ ಹೇಗೆ ಏರಬೇಕು, ಹೇಗೆ ಆರಬೇಕು ಎಂದು ಹೇಳುತ್ತದೆ. ಇದರ ಮಾತಿನಂತೆ ಒಂದು ಆಂಪ್ಲಿಫೈಯರ್ ಸದ್ದು ಏರಿಸಿ ಇಳಿಸುತ್ತದೆ. ಇದಿಲ್ಲದಿದ್ದರೆ ಕೇಳುವುದು ಬಿಡಿ ಸ್ವರಗಳಲ್ಲ, ಸೈರನ್ನಿನಂಥ ಒಂದೇ ಕೂಗು.

ಲೆಕ್ಕ ಸರಳ. ಬಹುಪಾಲು ಯಂತ್ರಗಳಲ್ಲಿ 1 ವೋಲ್ಟ್ ಹೆಚ್ಚಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಒಂದು ಸ್ಥಾಯಿಯಲ್ಲಿ 12 ಮನೆ. ಅಂದರೆ ಒಂದು ಮನೆಗೆ ಸುಮಾರು 0.083 ವೋಲ್ಟ್. ಕೆಳಗಿನ ಸ 220 ಹರ್ಟ್ಜ್‌ನಲ್ಲಿದ್ದರೆ, 0.33 ವೋಲ್ಟ್ ಸೇರಿಸಿದಾಗ ಅಂತರ ಗಾಂಧಾರ (277), 0.58 ಸೇರಿಸಿದಾಗ ಪ (330), 1 ಸೇರಿಸಿದಾಗ ಮೇಲಿನ ಸ (440). ನಾಬ್ ಕೂದಲೆಳೆಯಷ್ಟು ಆಚೀಚೆ ಆದರೂ ಅಪಸ್ವರ! ಅದಕ್ಕೇ ಹಲವರು ಕ್ವಾಂಟೈಸರ್ ಎಂಬ ಭಾಗ ಸೇರಿಸುತ್ತಾರೆ. ಅದು ತಪ್ಪಿದ ವೋಲ್ಟೇಜನ್ನು ಹತ್ತಿರದ ಸರಿಯಾದ ಸ್ವರಕ್ಕೆ ಎಳೆದು ಕೂರಿಸುತ್ತದೆ.

ಹಾಗಾದರೆ ಮನುಷ್ಯನ ಪಾಲೇನು?

1977ರ 'ಐ ಫೀಲ್ ಲವ್' ಹಾಡನ್ನೇ ನೋಡಿ. ಡೊನಾ ಸಮ್ಮರ್ ಹಾಡಿದ ಇದನ್ನು ಜಾರ್ಜೋ ಮೊರೊಡರ್ ತಂಡ ಜರ್ಮನಿಯ ಮ್ಯೂನಿಕ್‌ನಲ್ಲಿ ಮೂಗ್ ಮಾಡ್ಯುಲರ್ ಬಳಸಿ ಕಟ್ಟಿತು. ಓಡುವ ಬೇಸ್ ಸ್ವರಗಳು ಸೀಕ್ವೆನ್ಸರಿನವೇ. ಆದರೆ ಆ ಯಂತ್ರ ಪದೇ ಪದೇ ಶ್ರುತಿ ತಪ್ಪುತ್ತಿತ್ತು. ಸ್ವಲ್ಪ ರೆಕಾರ್ಡ್ ಮಾಡುವುದು, ನಿಲ್ಲಿಸಿ ಶ್ರುತಿ ಸೇರಿಸುವುದು, ಮತ್ತೆ ಮುಂದುವರಿಸುವುದು. ಹೀಗೆ ಸಾಗಿತ್ತು ಕೆಲಸ. ಪೂರ್ತಿ ಮಷೀನಿನದೆನಿಸುವ ಆ ಹಾಡಿನ ಕಿಕ್ ಡ್ರಮ್ ಬಾರಿಸಿದ್ದೂ ಮನುಷ್ಯನೇ, ಕೀತ್ ಫೋರ್ಸಿ.

ಇದು ಎಐ ಅಲ್ಲವೇ?

ಅಲ್ಲ. ರಾಬರ್ಟ್ ಮೂಗ್ 1964ರಲ್ಲಿ ತೋರಿಸಿದ ಮಾಡ್ಯುಲರ್‌ನಲ್ಲಿ ಕಂಪ್ಯೂಟರೇ ಇರಲಿಲ್ಲ. ಭಾರತಕ್ಕೂ ಇದು ಹೊಸದಲ್ಲ: 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಒಂದು ಮೂಗ್ ಇತ್ತು.

ಆ ಮಾತಿನಲ್ಲಿ ಅರ್ಧ ಸತ್ಯವೂ ಇದೆ. ಸೀಕ್ವೆನ್ಸರ್ ಬದಲು ಮನಬಂದಂತೆ ವೋಲ್ಟೇಜ್ ಕೊಡುವ ಭಾಗ ಜೋಡಿಸಿದರೆ, ಮುಂದೆ ಯಾವ ಸ್ವರ ಬರುತ್ತದೆಂದು ನುಡಿಸುವವರಿಗೂ ಗೊತ್ತಿರುವುದಿಲ್ಲ. ಆಗಲೂ ಯಾವ ಸ್ವರಗಳು ಬರಬಹುದು, ಎಷ್ಟು ವೇಗದಲ್ಲಿ, ಯಾವಾಗ ನಿಲ್ಲಬೇಕು ಎಂಬುದು ಅವರದೇ ತೀರ್ಮಾನ.

ಕೊನೆಯ ಮಾತು: ಬಟನ್ ಒತ್ತಿದ ಮೇಲೆ ಸ್ವರ ತಾನಾಗಿ ಬರುತ್ತದೆ ಎಂಬುದು ನಿಜ. ಮನುಷ್ಯನ ಕೆಲಸ ಇಲ್ಲ ಎಂಬುದು ಸುಳ್ಳು. ಆ ಕೆಲಸ ವಿಡಿಯೋ ಶುರುವಾಗುವ ಮೊದಲೇ ನಡೆದಿರುತ್ತದೆ. ಇನ್ನೊಮ್ಮೆ ಇಂಥದ್ದು ಬಂದರೆ "ಮಷೀನಿನ ಮ್ಯಾಜಿಕ್" ಎಂದು ಬರೆಯುವ ಮುನ್ನ ನುಡಿಸಿದವರ ಹೆಸರು ಎಲ್ಲಾದರೂ ಇದೆಯೇ ನೋಡಿ. ಇದ್ದರೆ ಆ ಹೆಸರನ್ನೂ ಸೇರಿಸಿಯೇ ಫಾರ್ವರ್ಡ್ ಮಾಡಿ.