ಹಡಗಿನ ಟಿಕೀಟೂ ರೇಷ್ಮೆಯ ಗೂಡೂ

ಕೊಳ್ಳೇಗಾಲದ ರೇಷ್ಮೆಗೂಡಿನ ಮಾರುಕಟ್ಟೆಗೂ ಅಟ್ಲಾಂಟಿಕ್ ಮಹಾಸಾಗರಕ್ಕೂ ಏನು ಸಂಬಂಧವೆಂದು 2023ಕ್ಕೆ ಮುಂಚೆ ಯಾರಾದರೂ ಕೇಳಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆ ವರ್ಷದ ದಸರೆಯಲ್ಲಿ ನಮ್ಮ ಅಕ್ಕ ಇಂಗ್ಲೆಂಡಿನಿಂದ ಫೋನು ಮಾಡಿ, ಬರುವ ಆಗಸ್ಟಿನಲ್ಲಿ ಮಕ್ಕಳ ಶಾಲೆಗೆ ರಜೆ ಬಂದಾಗ ಅಪ್ಪ ಅಮ್ಮನನ್ನೂ ಕರೆದುಕೊಂಡು ಸೌತಾಂಪ್ಟನ್ನಿನಿಂದ ನ್ಯೂಯಾರ್ಕಿಗೆ ಹಡಗಿನಲ್ಲಿ ಹೋಗಬೇಕೆಂಬ ತನ್ನ ಬಯಕೆಯನ್ನು ತಿಳಿಸಿದಳು. ನಮ್ಮ ಭಾವನವರು ಯಳಂದೂರಿನವರು. ಅವರ ತಮ್ಮ ನ್ಯೂಜೆರ್ಸಿಯಲ್ಲಿದ್ದಾರೆ. ಏಳು ರಾತ್ರಿ ಕಡಲಿನ ಮೇಲೆ, ಅಲ್ಲಿಂದ ತಮ್ಮನ ಮನೆ, ಹಿಂದಿರುಗುವಾಗ ವಿಮಾನ. ಅಕ್ಕ, ಭಾವ, ಇಬ್ಬರು ಮಕ್ಕಳು, ನಮ್ಮ ತಂದೆತಾಯಿ, ಒಟ್ಟು ಆರು ಜನ.

ಹನೂರಿನ ಬಳಿಯ ನಮ್ಮ ಹಳ್ಳಿಯಲ್ಲಿ ಈ ಸುದ್ದಿ ಹಬ್ಬಿದಾಗ ಆದ ಕೋಲಾಹಲವನ್ನು ಇಲ್ಲಿ ವಿವರಿಸುವುದಿಲ್ಲ. ನಮ್ಮ ತಾಯಿಯವರ ಜಲಯಾನದ ಅನುಭವವೆಲ್ಲ ಕಾವೇರಿಯಲ್ಲಿ ಒಮ್ಮೆ ಹರಿಗೋಲು ಹತ್ತಿದ್ದಷ್ಟೇ. ಅಮೆರಿಕವೆಂದರೆ ನಮ್ಮ ಮನೆಯಲ್ಲಿ ‘ಅಮೆರಿಕದಲ್ಲಿ ಗೊರೂರು’. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದ ಆ ಪುಸ್ತಕವನ್ನು ತಂದೆಯವರು ಮೂರು ಬಾರಿ ಓದಿದ್ದಾರೆ. 1958ರ ಅಕ್ಟೋಬರಿನಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕನ್ನು ದಾಟಲಾರಂಭಿಸಿದ ಮೇಲೆ, ಹಡಗಿನ ಮಾರ್ಗ ಕ್ರಮೇಣ ವಿಲಾಸದ ಮಾರ್ಗವಾಯಿತು. 2004ರಲ್ಲಿ ಮೊದಲ ಯಾನ ಕೈಗೊಂಡ ‘ಕ್ವೀನ್ ಮೇರಿ 2’ ಎಂಬ ನೌಕೆ ಸೌತಾಂಪ್ಟನ್–ನ್ಯೂಯಾರ್ಕುಗಳ ನಡುವೆ ವರ್ಷದ ಬಹುಭಾಗ ಓಡಾಡುತ್ತಿದೆ. ಉಳಿದ ಹಡಗುಗಳು ಸಾಮಾನ್ಯವಾಗಿ ವರ್ಷಕ್ಕೆರಡು ಬಾರಿ ಮಾತ್ರ ಈ ಸಾಗರವನ್ನು ದಾಟುತ್ತವೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಟಿಕೀಟನ್ನು ಯಾವಾಗ ಕೊಳ್ಳಬೇಕೆಂಬ ಪ್ರಶ್ನೆ ಎದ್ದಾಗ, ಎರಡು ಎಕರೆ ಹಿಪ್ಪುನೇರಳೆಯ ತೋಟದಲ್ಲಿ ನಲವತ್ತು ವರ್ಷ ಹುಳು ಸಾಕಿದ ನಮ್ಮ ತಂದೆಯವರು ಕ್ಷಣವೂ ಯೋಚಿಸದೆ ತೀರ್ಪು ಕೊಟ್ಟರು: “ಗೂಡು ಕಟ್ಟಿದ ಮೇಲೆ ಯಾರಾದರೂ ಮನೇಲಿ ಮಡಿಕ್ಕೊಂಡು ಕೂತಾರೇನಪ್ಪ? ಚಿಟ್ಟೆ ಹೊರಕ್ಕೆ ಬಂದರೆ ಗೂಡು ಕಾಸಿಗೂ ಬೇಡ. ಹಡಗಿನವನಿಗೂ ಅದೇ ಪಾಡು. ಹೊರಡೋ ದಿನ ಹತ್ತಿರ ಬರಲಿ, ಅವನೇ ಇಳಿಸ್ತಾನೆ. ಕಾಯ್ರಿ.”

ಈ ವಾದದಲ್ಲಿ ಸತ್ಯವಿಲ್ಲವೆಂದು ಹೇಳಲಾಗದು. ಹಣ್ಣಾದ ಹುಳು ಚಂದ್ರಿಕೆಯಲ್ಲಿ ಗೂಡು ಕಟ್ಟಿದ ಐದಾರು ದಿನಕ್ಕೆ ರೈತನು ಗೂಡನ್ನು ಬಿಡಿಸಿ ಮಾರುಕಟ್ಟೆಗೆ ಒಯ್ಯಲೇಬೇಕು. ತಡಮಾಡಿದರೆ ಚಿಟ್ಟೆ ಗೂಡನ್ನು ಭೇದಿಸಿಕೊಂಡು ಹೊರಬೀಳುತ್ತದೆ. ಎಳೆ ತುಂಡಾದ ಗೂಡಿನಿಂದ ನೂಲು ತೆಗೆಯಲಾಗದು. ಅಂದಿನ ಹರಾಜಿನಲ್ಲಿ ಕೂಗಿದ ಧಾರಣೆಯೇ ಧಾರಣೆ. ಹಡಗಿನ ಕೋಣೆಯೂ ಇಂಥದೇ ಸರಕು. ದಡ ಬಿಟ್ಟ ಹಡಗಿನಲ್ಲಿ ಖಾಲಿ ಉಳಿದ ಕೋಣೆಯನ್ನು ಯಾವ ಬೆಲೆಗೂ ಮಾರಲು ಸಾಧ್ಯವಿಲ್ಲ. ಹಡಗು ತುಂಬಿದ್ದರೆ ಊಟದಿಂದಾಚೆಗಿನ ಅಂಗಡಿ, ಪಾನೀಯ, ಮನರಂಜನೆಗಳಿಂದಲೂ ಕಂಪೆನಿಗೆ ಆದಾಯವುಂಟು. ಆದುದರಿಂದ ಕೊನೆಗಳಿಗೆಯಲ್ಲಿ ಬೆಲೆ ಇಳಿಯುವುದು ಕಟ್ಟುಕತೆಯಲ್ಲ. ಅದರ ವೇಳೆಯೂ ಬಹುಮಟ್ಟಿಗೆ ಗೊತ್ತಿರುವಂಥದೇ. ಮುಂಗಡ ಕೊಟ್ಟು ಕೋಣೆ ಹಿಡಿದವರು ಹೊರಡುವುದಕ್ಕೆ ಸುಮಾರು 90 ದಿನ ಮುಂಚೆ ಪೂರ್ತಿ ಹಣ ಕಟ್ಟಬೇಕಾಗುತ್ತದೆ. ಮನಸ್ಸು ಬದಲಾಯಿಸಿದವರು ಆಗ ಬಿಟ್ಟುಕೊಟ್ಟ ಕೋಣೆಗಳು ಮತ್ತೆ ಮಾರಾಟಕ್ಕೆ ಬರುತ್ತವೆ. ರಿಯಾಯಿತಿಯೂ ಹೆಚ್ಚಾಗಿ ಆ ಬಳಿಕವೇ ಕಾಣುತ್ತದೆ.

ತಂದೆಯವರ ಮಾತಿನಂತೆ ಕಾದೆವು. ಸಂಕ್ರಾಂತಿ ಕಳೆಯಿತು, ಯುಗಾದಿ ಕಳೆಯಿತು. ಪ್ರತಿ ಭಾನುವಾರ ಅಕ್ಕ ಬೆಲೆ ನೋಡಿ ಹೇಳುವಳು; ತಂದೆಯವರು ಹಳೆಯ ಪಂಚಾಂಗದ ಹಿಂಬದಿಯ ಹಾಳೆಯಲ್ಲಿ ಗುರುತು ಹಾಕುವರು. 2024ರ ಮೇ ತಿಂಗಳ ಕೊನೆಯಲ್ಲಿ ಕಿಟಕಿಯಿಲ್ಲದ ಒಳಕೋಣೆಯ ಬೆಲೆ ನಿಜವಾಗಿಯೂ ಇಳಿಯಿತು. ಹಿರಿಯರು ಮೀಸೆ ತಿರುವಿದರು. ಅಂದು ಸಂಜೆಯೇ ಅಕ್ಕ ಕೊಳ್ಳಲು ಹೋದಾಗ, ನಾಲ್ಕು ಜನ ಮಲಗುವ ಕೋಣೆ ಒಂದೂ ಉಳಿದಿಲ್ಲವೆಂದು ತಿಳಿಯಿತು.

ಇದರ ಪರಿಣಾಮ ಓದುಗರಿಗೆ ಸ್ಪಷ್ಟವಾಗಲು ಸಣ್ಣ ಲೆಕ್ಕವೊಂದನ್ನು ಹೇಳಬೇಕು. ಹಡಗಿನ ದರವನ್ನು ಒಂದು ಕೋಣೆಗೆ ಇಬ್ಬರೆಂದು ಭಾವಿಸಿ ತಲೆಗಿಷ್ಟು ಎಂದು ಹೇಳುತ್ತಾರೆ. ಅದೇ ಕೋಣೆಯ ಮೇಲ್ಮಂಚದಲ್ಲಿ ಮಲಗುವ ಮೂರನೆಯ, ನಾಲ್ಕನೆಯ ಜನಕ್ಕೆ ಸಾಮಾನ್ಯವಾಗಿ ದರ ಕಡಿಮೆ. ಮೊದಲಿಬ್ಬರಿಗೆ ತಲೆಗೆ 100 ರೂಪಾಯಿ, ಮಕ್ಕಳಿಬ್ಬರಿಗೆ ತಲೆಗೆ 40 ಎಂದು ಲೆಕ್ಕದ ಸೌಕರ್ಯಕ್ಕಾಗಿ ಭಾವಿಸಿದರೆ ನಾಲ್ವರಿಗೆ 280 ಆಯಿತು. ದರ 100ರಿಂದ 80ಕ್ಕೆ ಇಳಿದರೂ, ನಾಲ್ವರ ಕೋಣೆ ಸಿಗದೆ ಎರಡು ಕೋಣೆ ಹಿಡಿದರೆ ನಾಲ್ಕು ಜನಕ್ಕೂ ಪೂರ್ಣ ದರ, ಅಂದರೆ 320. ಬೆಲೆ ಇಳಿಯಿತು, ಖರ್ಚು ಏರಿತು! ಇಂಥ ಕೋಣೆಗಳು ಬೇಗ ಮುಗಿಯಲು ಇನ್ನೊಂದು ಕಾರಣವೂ ಇದೆ. ಆಪತ್ಕಾಲದಲ್ಲಿ ಯಾವ ಕೋಣೆಯವರು ಯಾವ ರಕ್ಷಣಾದೋಣಿಯ ಬಳಿ ಸೇರಬೇಕೆಂಬುದು ಮೊದಲೇ ನಿಗದಿಯಾಗಿರುತ್ತದೆ. ಆ ದೋಣಿಯ ಲೆಕ್ಕ ಭರ್ತಿಯಾದರೆ, ಮಂಚ ಖಾಲಿಯಿದ್ದರೂ ಮೂರನೆಯವರಿಗೆ ಅವಕಾಶವಿಲ್ಲ.

ತಂದೆಯವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಆಮೇಲೆ ತಾವೇ ತಮ್ಮ ವಾದದ ದೋಷವನ್ನು ಕಂಡುಹಿಡಿದರು. “ಸಂತೆ ಮುಗಿಯೋ ಹೊತ್ತಿಗೆ ಗೂಡು ಅಗ್ಗ ಆಯ್ತದೆ, ದಿಟ. ಆದರೆ ಆಗ ಉಳಿದಿರೋದು ಕಲೆ ಬಿದ್ದದ್ದು, ಜೋಡಿಗೂಡು. ಒಳ್ಳೆ ಲಾಟು ಬೆಳಿಗ್ಗೇನೇ ಹೋಗಿರ್ತದೆ. ಮಾರೋನ ಕಡೆಯಿಂದ ಮಾತ್ರ ನೋಡಿದೆ ಕಣಪ್ಪ, ಕೊಳ್ಳೋನ ಕಡೆಯಿಂದ ನೋಡಲಿಲ್ಲ.”

ಅರ್ಥಶಾಸ್ತ್ರದ ಗ್ರಂಥಗಳು ಇದಕ್ಕಿಂತ ಹೆಚ್ಚೇನು ಹೇಳುತ್ತವೆಯೋ ನಾನರಿಯೆ. ನನ್ನದು ಕನ್ನಡ ಎಂ.ಎ. ಕಾಯುವುದರಿಂದ ಲಾಭವುಂಟು, ಅದು ಯಾವ ಕೋಣೆಯಾದರೂ ಸರಿ, ಯಾವ ತಿಂಗಳಾದರೂ ಸರಿ ಎನ್ನುವವರಿಗೆ. ನಿವೃತ್ತರಾದ ದಂಪತಿಗಳು, ವೀಸಾದ ತೊಡಕಿಲ್ಲದವರು, ಬಂದರಿನ ಸಮೀಪದಲ್ಲೇ ಇರುವವರು ಪೆಟ್ಟಿಗೆ ಕಟ್ಟಿಕೊಂಡು ಕಾಯಬಹುದು. ಮಕ್ಕಳ ರಜೆಗೆ ಕಟ್ಟುಬಿದ್ದ, ನಾಲ್ವರೂ ಒಂದೇ ಕೋಣೆಯಲ್ಲಿರಬೇಕಾದ ಸಂಸಾರಕ್ಕೆ ಆ ಮಾರ್ಗ ಹೇಳಿಸಿದ್ದಲ್ಲ. ಕೋಣೆಯ ಸಂಖ್ಯೆಯನ್ನು ತಾವು ಕೇಳದೆ ಕಂಪೆನಿಯ ಇಷ್ಟಕ್ಕೆ ಬಿಟ್ಟರೆ ಇನ್ನೂ ಅಗ್ಗವಾಗುವ ಪದ್ಧತಿಯೊಂದಿದೆ. ಅದರಲ್ಲಿ ಅಜ್ಜಿ ಒಂದು ಮಹಡಿಯಲ್ಲೂ ಮೊಮ್ಮಕ್ಕಳು ಇನ್ನೊಂದು ಮಹಡಿಯಲ್ಲೂ ಬೀಳಬಹುದು.

ಆ ವರ್ಷದ ಪ್ರಯಾಣವನ್ನು ಮುಂದಕ್ಕೆ ಹಾಕಿದೆವು. ಎಪ್ಪತ್ತು ದಾಟಿದವರಿಗೆ ಒಂದು ವರ್ಷವೆಂಬುದು ಚಿಕ್ಕ ಅವಧಿಯಲ್ಲ. ಮುಂಗಾರು ಮುಗಿಯುವಷ್ಟರಲ್ಲಿ ನಮ್ಮ ತಾಯಿಯವರ ಮಂಡಿನೋವು ಉಲ್ಬಣಿಸಿ, ದೀಪಾವಳಿಯಲ್ಲಿ ಮಹದೇಶ್ವರನ ಬೆಟ್ಟಕ್ಕೆ ಹೋದಾಗ ಗುಡಿಯ ಮೆಟ್ಟಿಲೇರಲು ಇಬ್ಬರು ಹಿಡಿದುಕೊಳ್ಳಬೇಕಾಯಿತು. ಹಿಂದಿನ ವರ್ಷ ಅವರು ಯಾರ ಕೈಯನ್ನೂ ಹಿಡಿದಿರಲಿಲ್ಲ. ಬೆಟ್ಟದಿಂದ ಬಸ್ಸಿನಲ್ಲಿ ಇಳಿಯುವಾಗ ತಂದೆಯವರು ನನ್ನ ಕಡೆಗೆ ನೋಡದೆ, “ಇಪ್ಪತ್ತು ರೂಪಾಯಿ ಉಳಿಸೋಕೆ ಹೋಗಿ ಅವಳ ಒಂದು ವರ್ಷ ಕಳೆದುಬಿಟ್ಟೆ” ಎಂದರು. ನಾನು ಉತ್ತರ ಕೊಡಲಿಲ್ಲ.

ಗಾಲಿಕುರ್ಚಿಯ ಅನುಕೂಲವಿರುವ, ಅಗಲ ಬಾಗಿಲಿನ ಕೋಣೆಗಳು ಪ್ರತಿ ಹಡಗಿನಲ್ಲೂ ಬೆರಳೆಣಿಕೆಯಷ್ಟು. ಅವು ಎಲ್ಲಕ್ಕಿಂತ ಮೊದಲು ಮುಗಿಯುತ್ತವೆ. ಈ ಬಾರಿ ಯಾರೂ ಕಾಯುವ ಮಾತೆತ್ತಲಿಲ್ಲ. 2025ರ ಆಗಸ್ಟಿನ ಯಾನಕ್ಕೆ 2024ರ ನವೆಂಬರಿನಲ್ಲೇ, ಅಂಥದೊಂದು ಕೋಣೆಯನ್ನೂ ನಾಲ್ವರದೊಂದನ್ನೂ ಅಕ್ಕಪಕ್ಕದಲ್ಲಿ ಹಿಡಿದೆವು. ಮುಂಗಡದಲ್ಲಿ ಎರಡು ಬಗೆಯುಂಟು: ರದ್ದುಮಾಡಿದರೆ ಹಿಂದಕ್ಕೆ ಬರುವಂಥದು, ಬಾರದಂಥದು. ಎರಡನೆಯದರಲ್ಲಿ ದರ ತುಸು ಕಡಿಮೆ. ವೀಸಾ ಕೈಗೆ ಬಾರದ ನಮ್ಮಂಥವರು ಅದನ್ನು ಮುಟ್ಟಬಾರದು. ಜನವರಿಯಿಂದ ಮಾರ್ಚಿನವರೆಗೆ ಹಡಗಿನ ಕಂಪೆನಿಗಳು ರಿಯಾಯಿತಿಗಳನ್ನು ಸಾರುವ ಕಾಲ, ನಮ್ಮಲ್ಲಿ ಆಷಾಢದ ಸೀರೆ ಮಾರಾಟವಿದ್ದಂತೆ. ಮೊದಲೇ ಕೊಂಡವರೂ ಆ ಹೊತ್ತಿನಲ್ಲಿ ಬೆಲೆ ನೋಡುತ್ತಿರಬೇಕು. ಪೂರ್ತಿ ಹಣ ಕಟ್ಟುವುದಕ್ಕೆ ಮುಂಚೆ ದರ ಇಳಿದರೆ ಹೊಸ ದರವನ್ನೋ ಅದಕ್ಕೆ ಸಮನಾದ ಸವಲತ್ತನ್ನೋ ಕೆಲವು ಕಂಪೆನಿಗಳು ಕೊಡುತ್ತವೆ. ಆದರೆ ಕೇಳಿದವರಿಗೆ ಮಾತ್ರ. ಅಕ್ಕ ಫೆಬ್ರುವರಿಯಲ್ಲಿ ಕೇಳಿದಳು. ಹಡಗಿನಲ್ಲೇ ಖರ್ಚು ಮಾಡಬಹುದಾದಷ್ಟು ಹಣ ಅವರ ಹೆಸರಿಗೆ ಜಮೆಯಾಯಿತು.

ಇನ್ನು ವೀಸಾ. ಭಾರತದ ರಹದಾರಿ ಹಿಡಿದವರು ಟಿಕೀಟಿನ ಪಂಚಾಂಗಕ್ಕಿಂತ ಮೊದಲು ನೋಡಬೇಕಾದ ಪಂಚಾಂಗವಿದು. ಈ ಹಾದಿಗೆ ಬ್ರಿಟನ್ನಿನದೂ ಅಮೆರಿಕದ್ದೂ ಎರಡೂ ಬೇಕು. ಅಮೆರಿಕದ ಸಂದರ್ಶಕ ವೀಸಾಕ್ಕೆ 2022–23ರಲ್ಲಿ ನಮ್ಮ ದೇಶದ ಕೆಲವು ಕೇಂದ್ರಗಳಲ್ಲಿ ಸಂದರ್ಶನದ ದಿನ ಸಿಗಲು ಒಂದು ವರ್ಷಕ್ಕೂ ಹೆಚ್ಚು ಕಾಯಬೇಕಾಗಿತ್ತು. ನಮ್ಮ ಹಿರಿಯರಿಬ್ಬರೂ ಭಾವನ ತಮ್ಮನ ಮದುವೆಗೆಂದು 2019ರಲ್ಲೇ ಚೆನ್ನೈಗೆ ಹೋಗಿ ಹತ್ತು ವರ್ಷದ ವೀಸಾ ಪಡೆದಿದ್ದರು. 2020ರ ಪಿಡುಗಿನಿಂದ ಆ ಮದುವೆಗೆ ಹೋಗಲಾಗದಿದ್ದರೂ ವೀಸಾ ಮಾತ್ರ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು. ಬ್ರಿಟನ್ನಿನ ತೊಡಕು ಬೇರೆ ಬಗೆಯದು: ಪ್ರಯಾಣಕ್ಕೆ ಮೂರು ತಿಂಗಳಿಗಿಂತ ಮೊದಲು ಅರ್ಜಿ ಹಾಕುವಂತಿಲ್ಲ. ಹಡಗಿನ ಪೂರ್ತಿ ಹಣವನ್ನೂ ಮೂರು ತಿಂಗಳ ಮುಂಚೆಯೇ ಕಟ್ಟಬೇಕು. ಅಂದರೆ ವೀಸಾ ಸಿಗುವುದೋ ಇಲ್ಲವೋ ಎಂದು ತಿಳಿಯುವ ಮೊದಲೇ ಹಣ ಕೈಬಿಟ್ಟಿರುತ್ತದೆ! ಭಾವನವರು ಇದಕ್ಕೊಂದು ಉಪಾಯ ಮಾಡಿದರು. ಹಡಗು ಹೊರಡುವುದು ಆಗಸ್ಟಿನ ನಡುವೆ; ಅತ್ತೆಮಾವಂದಿರು ಜುಲೈ ನಡುವೆಯೇ ಇಂಗ್ಲೆಂಡಿಗೆ ಬಂದು ಒಂದು ತಿಂಗಳು ಮಗಳ ಮನೆಯಲ್ಲಿರಲಿ ಎಂದರು. ಹಾಗಾಗಿ ಏಪ್ರಿಲ್ ನಡುವೆ ಅರ್ಜಿ ಹಾಕಿ, ಮೇ ಮೊದಲ ವಾರದಲ್ಲಿ ವೀಸಾ ಬಂದು, ಅದರ ಮುಂದಿನ ವಾರ ನಿಶ್ಚಿಂತೆಯಿಂದ ಹಣ ಕಟ್ಟಿದ್ದಾಯಿತು. ಮಗಳಿಗೂ ಒಂದು ತಿಂಗಳು ತಾಯಿಯ ಕೈಯಡುಗೆ ದೊರೆಯಿತು.

ವಿದೇಶದಲ್ಲಿ ನೆಲೆಸಿದವರು ಆಗಸ್ಟನ್ನು ಬಿಡಲಾರರು. ಅಲ್ಲಿನ ಶಾಲೆಗಳ ದೊಡ್ಡ ರಜೆ ಆಗಲೇ. ಬೆಲೆಯೂ ಆಗಲೇ ಅತ್ಯಧಿಕ. ಆದರೆ ಇಲ್ಲಿಯೇ ಇರುವ ಮೈಸೂರು, ಬೆಂಗಳೂರು, ಕೊಳ್ಳೇಗಾಲದ ಸಂಸಾರಗಳಿಗೆ ಅವರಿಗಿಲ್ಲದ ಅನುಕೂಲವೊಂದಿದೆ. ಚಳಿಗಾಲವನ್ನು ಅಮೆರಿಕದ ದಕ್ಷಿಣದ ಬೆಚ್ಚಗಿನ ಕಡಲಿನಲ್ಲಿ ಕಳೆದ ಹಡಗುಗಳು ಏಪ್ರಿಲ್–ಮೇ ತಿಂಗಳಲ್ಲಿ ಯೂರೋಪಿಗೆ ಮರಳುತ್ತವೆ. ಅಕ್ಟೋಬರ್–ನವೆಂಬರಿನಲ್ಲಿ ಮತ್ತೆ ಪಶ್ಚಿಮಕ್ಕೆ ಹೊರಡುತ್ತವೆ. ಹೇಗೂ ಹೋಗಲೇಬೇಕಾದ ಹಡಗು. ನಡುವೆ ಊರುಗಳು ಕಡಿಮೆ, ದಿನಗಳು ಹೆಚ್ಚು, ಹತ್ತರಿಂದ ಹದಿನಾಲ್ಕರವರೆಗೆ. ಆದುದರಿಂದ ದಿನವೊಂದಕ್ಕೆ ತಗಲುವ ವೆಚ್ಚ ಬೇಸಗೆಯ ಯಾನಗಳಿಗಿಂತ ಸಾಮಾನ್ಯವಾಗಿ ಬಹಳ ಕಡಿಮೆ. ಈಸ್ಟರಿನ ಬಿಡುವನ್ನು ಬಿಟ್ಟರೆ ಆಗ ಇಂಗ್ಲಿಷ್ ಮಕ್ಕಳು ಶಾಲೆಯಲ್ಲಿರುತ್ತಾರೆ. ನಮ್ಮ ಮಕ್ಕಳಿಗೋ ಬೇಸಗೆಯ ರಜೆ! ಯಾವಾಗ ಕೊಳ್ಳಬೇಕೆಂದು ತಲೆಕೆಡಿಸಿಕೊಳ್ಳುವುದಕ್ಕಿಂತ ಯಾವಾಗ ಹೊರಡಬೇಕೆಂದು ಆರಿಸಿಕೊಳ್ಳುವುದರಿಂದ ಉಳಿಯುವ ಹಣವೇ ಹೆಚ್ಚೆಂದು ನನ್ನ ಅಭಿಪ್ರಾಯ.

ವಿಮಾನದ ವಿಷಯದಲ್ಲಿ ಒಂದೇ ಎಚ್ಚರಿಕೆ. ಹೋಗುವ ಊರು ಒಂದು, ಹಿಂದಿರುಗುವ ಊರು ಇನ್ನೊಂದಾದಾಗ ಎರಡು ಬಿಡಿ ಟಿಕೀಟು ಕೊಳ್ಳಬೇಡಿ. ಬೆಂಗಳೂರಿನಿಂದ ಲಂಡನ್ನು, ನ್ಯೂಯಾರ್ಕಿನಿಂದ ಬೆಂಗಳೂರು ಎಂದು ಒಂದೇ ಟಿಕೀಟಿನಲ್ಲಿ ಕೇಳಿ ನೋಡಿ, ಎಷ್ಟೋ ವೇಳೆ ಅಗ್ಗವಾಗುತ್ತದೆ. ಹಡಗಿನ ನೌಕರರಿಗೆಂದು ತಲೆಗೆ ದಿನಕ್ಕಿಷ್ಟು ಎಂದು ಸೇರಿಸುವ ಭಕ್ಷೀಸಿನ ಹಣವನ್ನು ಎಷ್ಟೋ ಸಲ ಮೊದಲ ಬೆಲೆಯಲ್ಲಿ ತೋರಿಸಿರುವುದಿಲ್ಲ. ಇನ್ನು ಡಾಲರು: 2022ರಲ್ಲಿ ಅದು 80 ರೂಪಾಯಿ ದಾಟಿತು. ರೂಪಾಯಿಯಲ್ಲಿ ಕೂಡಿಟ್ಟು ಡಾಲರಿನಲ್ಲಿ ಕೊಡುವವನು ಕಾದು ಉಳಿಸಿದ್ದನ್ನು ವಿನಿಮಯದಲ್ಲಿ ಕಳೆಯುವುದೂ ಉಂಟು.

ಅವರು ಹೊರಟ ಮೇಲೆ ಐದು ದಿನ ಸುದ್ದಿಯಿಲ್ಲ. ಆರನೆಯ ದಿನ ಭಾವನವರು ಹಡಗಿನಿಂದಲೇ ಫೋನು ಮಾಡಿ ತಾಯಿಯವರ ಕೈಗೆ ಕೊಟ್ಟರು. ಮಂಡಿ ಹೇಗಿದೆಯೆಂದು ಕೇಳಿದೆ. ಅದನ್ನು ಬದಿಗಿಟ್ಟು ಅವರು ಬೇರೊಂದು ವಿಷಯ ತೆಗೆದರು. ಪಶ್ಚಿಮಕ್ಕೆ ಸಾಗುವ ಹಡಗಿನಲ್ಲಿ ನ್ಯೂಯಾರ್ಕಿನ ವೇಳೆಗೆ ಹೊಂದಿಸಲು ಒಂದೊಂದು ರಾತ್ರಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಬೇಸಗೆಯಲ್ಲಿ ಒಟ್ಟು ಐದು ಗಂಟೆ.

“ನಿಮ್ಮಪ್ಪ ಬೆಳಿಗ್ಗೆಯಿಂದ ಲೆಕ್ಕ ಹಾಕ್ತಾ ಕೂತವ್ರೆ” ಎಂದರು ತಾಯಿಯವರು. “ಈ ಐದು ಗಂಟೆಗೂ ನಮ್ಮ ಹತ್ರ ದುಡ್ಡು ಈಸ್ಕೊಂಡವ್ರೋ, ಬಿಟ್ಟಿ ಕೊಟ್ಟವ್ರೋ ಅಂತ.”